ಬಿಗಿ ಸ್ಪ್ರಿಂಗ್ ಮಾರಿ ಟಾರ್ಕ್ ಹೆಚ್ಚುತ್ತದೆ ಎಂದವರಿಗೆ ಒಂದು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಸ್ಕೂಟರ್ ಕ್ಲಚ್ ಸ್ಪ್ರಿಂಗ್ ಕಿಟ್ ಬಗ್ಗೆ ತಪ್ಪು ಮಾಹಿತಿ ನೀಡಿ ಮಾರಾಟ ಮಾಡಿರುವ ಕುರಿತು

ಮಾನ್ಯರೇ,

ನಿಮ್ಮ ‘ಹೈ ಪರ್ಫಾರ್ಮೆನ್ಸ್’ ಕಿಟ್‌ನ ಡಬ್ಬಿಯ ಮೇಲೆ ‘ಹೆಚ್ಚು ಟಾರ್ಕ್ ಹಿಡಿಯುತ್ತದೆ, ಜಾರುವುದಿಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದೀರಿ. ಟಾರ್ಕ್ ಎಂದರೆ ತಿರುಗಿಸುವ ಬಲ. ಅದನ್ನು ನಂಬಿ ನನ್ನ 150 ಸಿಸಿ ಸ್ಕೂಟರ್‌ಗೆ ನೀವೇ ಸೂಚಿಸಿದ ಮೆಕ್ಯಾನಿಕ್‌ನಿಂದ ಹಾಕಿಸಿದೆ. ಮಳೆಗಾಲ ಮುಗಿಯುವುದರೊಳಗೆ ಕ್ಲಚ್ ಸುಟ್ಟುಹೋಯಿತು. ದೂರಿಗೆ ನಿಮ್ಮಿಂದ ಬಂದದ್ದು ‘ಓಡಿಸುವ ರೀತಿ ಸರಿಯಿಲ್ಲ’ ಎಂಬ ಒಂದೇ ಸಾಲು. ಆದ್ದರಿಂದ ಈ ಪತ್ರ ತುಸು ಉದ್ದವಾಗಿದೆ.

ಈ ಕ್ಲಚ್‌ನ ಶೂಗಳು, ಅಂದರೆ ಎಂಜಿನ್ ತಿರುಗಿಸುವ ತುಂಡುಗಳು, ತಿರುಗುವ ವೇಗಕ್ಕೆ ಹೊರಚಿಮ್ಮಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಡ್ರಮ್ ಎಂದರೆ ಹಿಂದಿನ ಚಕ್ರವನ್ನು ತಿರುಗಿಸುವ, ಶೂಗಳನ್ನು ಸುತ್ತುವರಿದ ಬಟ್ಟಲು. ವೇಗ ಎರಡು ಪಟ್ಟಾದರೆ ಹೊರಚಿಮ್ಮುವ ಬಲ ನಾಲ್ಕು ಪಟ್ಟಾಗುತ್ತದೆ. ಅವನ್ನು ಒಳಕ್ಕೆ ಎಳೆಯುವುದೇ ಸ್ಪ್ರಿಂಗ್‌ನ ಕೆಲಸ. ಸ್ಪ್ರಿಂಗ್ ಬಿಗಿಯಾದಷ್ಟೂ ಡ್ರಮ್ಮಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಜಗಳಕ್ಕೆ ನಿಂತವನ ಕೈಗಳನ್ನು ಹಿಂದಿನಿಂದ ಹಿಡಿದುಕೊಂಡು ‘ಇವನ ಹೊಡೆತ ಜೋರು’ ಎಂದಂತಿದೆ ನಿಮ್ಮ ಜಾಹೀರಾತು.

ಲೆಕ್ಕ ಕಷ್ಟದ್ದೇನಲ್ಲ. ಮೊದಲು ಗಾಡಿ 3000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ ಹೊರಡುತ್ತಿತ್ತು. ನಿಮ್ಮ ಸ್ಪ್ರಿಂಗ್ ಹಾಕಿದ ಮೇಲೆ 4500 ಮುಟ್ಟದೆ ಕದಲುತ್ತಿರಲಿಲ್ಲ. ಶೂಗಳು ಹಳೆಯವೇ. ಗಾಡಿ ಹೊರಡುವ ವೇಗದಲ್ಲಿ ಹೊರಚಿಮ್ಮುವ ಬಲ ಎಷ್ಟೋ, ಅಷ್ಟನ್ನು ಸ್ಪ್ರಿಂಗ್ ನುಂಗುತ್ತದೆ; ಅದಕ್ಕಿಂತ ಹೆಚ್ಚಿನದಷ್ಟೇ ಹಿಡಿತ. ಎಂಜಿನ್‌ನಿಂದ ಕ್ಲಚ್‌ಗೆ ಬೆಲ್ಟ್ ಓಡಿಸುವ ಪುಲ್ಲಿಗಳ ಅನುಪಾತ ಬದಲಾಗದೆ ಎಂಜಿನ್ 6000ಕ್ಕೆ ಏರಿದಾಗ, ವೇಗವನ್ನು ಸಾವಿರಗಳಲ್ಲಿ ಹಿಡಿದು ಅದರಿಂದಲೇ ಗುಣಿಸಿದರೆ (6×6=36, 3×3=9, 4.5×4.5=20.25), ಮೊದಲು 36ರಲ್ಲಿ 9 ಕಳೆದು 27 ಪಾಲು ಹಿಡಿತ ಉಳಿಯುತ್ತಿತ್ತು. ಈಗ 36ರಲ್ಲಿ 20.25 ಕಳೆದರೆ ಉಳಿಯುವುದು 16 ಪಾಲೂ ಇಲ್ಲ.

ನಾನು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಿ ಬರುವವನು. ಸ್ಕೂಟರ್‌ನಲ್ಲಿ ಕ್ಲಚ್ ಇರುವುದು ಬೆಲ್ಟ್‌ನ ಆಚೆ, ಹಿಂದಿನ ಪುಲ್ಲಿಯ ಜೊತೆ. ಕಡಿದಾದ ಏರಿನಲ್ಲಿ ಎಂಜಿನ್‌ನ ಟಾರ್ಕ್ ಎರಡು ಪಟ್ಟಿಗೂ ಮೀರಿ ಹೆಚ್ಚಿ ಅಲ್ಲಿಗೆ ಬರುತ್ತದೆ, ತಿರುಗುವ ವೇಗ ಅಷ್ಟೇ ತಗ್ಗಿರುತ್ತದೆ. ಹಿಡಿತ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಅತಿ ಕಡಿಮೆ. ಪ್ರತಿ ಹೇರ್‌ಪಿನ್ ತಿರುವಿನಲ್ಲೂ ಎಂಜಿನ್ ಅರಚುತ್ತಿತ್ತು, ಗಾಡಿ ತೆವಳುತ್ತಿತ್ತು, ಸುಟ್ಟ ವಾಸನೆ ಹೆಲ್ಮೆಟ್ಟಿನೊಳಗೂ ಬರುತ್ತಿತ್ತು. ಕೊನೆಗೆ ಕವರ್ ಬಿಚ್ಚಿಸಿ ನೋಡಿದರೆ ಡ್ರಮ್ ಕಡುನೀಲಿಗೆ ತಿರುಗಿತ್ತು. ಉಕ್ಕು ಆ ಬಣ್ಣಕ್ಕೆ ಬರಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಶೂಗಳ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರ, ಗಾಜಿನಂತೆ ಹೊಳೆಯುತ್ತಿತ್ತು, ಉಗುರಿನಿಂದ ಕೆರೆದರೂ ಪುಡಿ ಉದುರಲಿಲ್ಲ.

ಇಳಿಯುವಾಗಿನ ಪಾಡು ಇದಕ್ಕಿಂತ ಗಂಭೀರ. ಬಿಗಿ ಸ್ಪ್ರಿಂಗ್ ಶೂಗಳನ್ನು ಬೇಗನೆ ಒಳಕ್ಕೆಳೆಯುವುದರಿಂದ ನಿಧಾನದ ತಿರುವುಗಳಲ್ಲಿ ಎಂಜಿನ್‌ನ ತಡೆ ತಪ್ಪಿ ಗಾಡಿ ಇಳಿಜಾರಿನಲ್ಲಿ ತಾನಾಗಿ ಓಡತೊಡಗುತ್ತದೆ. ಒದ್ದೆ ರಸ್ತೆಯಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ. ಈ ಬಗ್ಗೆ ಡಬ್ಬಿಯ ಮೇಲೆ ಒಂದಕ್ಷರವೂ ಇಲ್ಲ.

ರೇಸಿಂಗ್ ಕಾರ್ಟ್‌ಗಳೆಂಬ ಪುಟ್ಟ ಪಂದ್ಯದ ಗಾಡಿಗಳಲ್ಲಿ ಇಂಥ ಸ್ಪ್ರಿಂಗ್ ಬಳಸುವುದು ನನಗೂ ಗೊತ್ತು. ಮೇಲಿನ ಆರ್‌ಪಿಎಂನಲ್ಲಷ್ಟೇ ಕಸುವು ತೋರುವ ಎಂಜಿನ್ ಹೊರಡುವಾಗ ಮುಗ್ಗರಿಸಬಾರದೆಂದು ಅಲ್ಲಿ ಹಿಡಿತವನ್ನು ಬೇಕೆಂದೇ ತಡಮಾಡುತ್ತಾರೆ. ಜಾರಾಟ ಕೆಲವೇ ಕ್ಷಣ. ನಿಜವಾಗಿ ಹೆಚ್ಚು ಟಾರ್ಕ್ ಹಿಡಿಯಬೇಕಾದರೆ ಶೂಗಳ ತೂಕ, ಡ್ರಮ್ಮಿನ ವ್ಯಾಸ ಅಥವಾ ಲೈನಿಂಗ್‌ನ ಘರ್ಷಣೆ ಹೆಚ್ಚಬೇಕು. ನಿಮ್ಮ ಡಬ್ಬಿಯಲ್ಲಿದ್ದದ್ದು ಮೂರು ಸ್ಪ್ರಿಂಗ್ ಮಾತ್ರ.

ಕಿಟ್‌ನ ಬೆಲೆ, ಹೊಸ ಡ್ರಮ್ ಮತ್ತು ಶೂಗಳ ಖರ್ಚು, ಮೆಕ್ಯಾನಿಕ್‌ನ ಕೂಲಿ ಇಷ್ಟನ್ನೂ ನನಗೆ ಹಿಂದಿರುಗಿಸಬೇಕು. ಆ ಸುಳ್ಳು ಸಾಲನ್ನು ಅಳಿಸಿ, ಕ್ಲಚ್ ಎಷ್ಟು ಆರ್‌ಪಿಎಂಗೆ ಹಿಡಿಯುತ್ತದೆ, ಘಾಟಿ ರಸ್ತೆಗೆ ಸಲ್ಲುತ್ತದೆಯೇ ಎಂಬುದನ್ನು ಮುದ್ರಿಸಬೇಕು. ವಸ್ತುವಿನ ಗುಣವನ್ನು ತಪ್ಪಾಗಿ ಬಣ್ಣಿಸಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸುತ್ತೇನೆ.

ಸುಟ್ಟ ಡ್ರಮ್, ಶೂ, ಸ್ಪ್ರಿಂಗ್‌ಗಳು ನನ್ನ ಬಳಿಯೇ ಇವೆ. ನಿಮ್ಮ ಎಂಜಿನಿಯರ್ ಬಂದು ಪರೀಕ್ಷಿಸಬಹುದು. ಕೊರಿಯರ್‌ನಲ್ಲಿ ಕಳುಹಿಸಿ ಎಂದು ಮಾತ್ರ ಕೇಳಬೇಡಿ.

ಇತಿ,
ನಿಮ್ಮ ಗ್ರಾಹಕ
ತೀರ್ಥಹಳ್ಳಿ

ಲಗತ್ತು: ಬಿಲ್‌ಗಳ ಪ್ರತಿ, ಡ್ರಮ್ ಮತ್ತು ಶೂಗಳ ಫೋಟೊ