ಕಾಶಿ ಪ್ರಯಾಣ: ಶನಿವಾರದ ಸಮಯ

ಎಲ್ಲರಿಗೂ ನಮಸ್ಕಾರ್ರಿ. ಶನಿವಾರ ಕಾಶಿಗೆ ಹೊಂಟವರು ಇದನ್ನ ಪೂರ್ತಿ ಓದ್ರಿ.

ಹೈದರಾಬಾದ್–ವಾರಾಣಸಿ ನೇರ ಅಂತರ ಸುಮಾರು 1,020 ಕಿ.ಮೀ. ವಿಮಾನಕ್ಕೆ ಹತ್ತಿರ ಹತ್ತಿರ 2 ತಾಸು. ರನ್‌ವೇ ತನಕ ಹೋಗೋದು, ಇಳಿದು ನಿಲ್ಲೋದು ಅದರಾಗೇ ಬಂತು. ಖರೇ ಹೊತ್ತು ಹಿಡಿಯೋದು ರಸ್ತೆ. ರಾಯಚೂರಿನಿಂದ ಮಕ್ತಲ್, ಮಹಬೂಬ್‌ನಗರ ದಾಟಿ, ಹೈದರಾಬಾದ್ ವಿಮಾನ ನಿಲ್ದಾಣ ಇರೋ ಶಂಷಾಬಾದ್‌ಗೆ 4 ತಾಸು ಇಟ್ಕೊಳ್ರಿ. ವಿಮಾನ 11:30ಕ್ಕೆ, ಬ್ಯಾಗ್ ಕೊಡೋ ಕೌಂಟರ್ 60 ನಿಮಿಷ ಮೊದಲೇ ಬಂದ್ ಆಗತದ. ಅದಕ್ಕ ಗಾಡಿ ಬೆಳಿಗ್ಗೆ 5ಕ್ಕೇ ಬಿಡತದ, ಯಾರಿಗೂ ಕಾಯೋದಿಲ್ಲ.

ಪವರ್ ಬ್ಯಾಂಕ್ ಕೈಚೀಲದಾಗೇ ಇರಲಿ. ಪೂಜೆಗಂತ ಒಣಕೊಬ್ಬರಿ ತರಬ್ಯಾಡ್ರಿ. ಎಣ್ಣೆ ಇರೋದರಿಂದ ಬೆಂಕಿ ಹತ್ತೋ ವಸ್ತು ಅಂತ ತೆಗೆಸ್ತಾರ.

ಟಿಕೆಟ್ ಮತ್ತು ಆಧಾರ್‌ನಾಗ ಹೆಸರು ಒಂದೇ ಐತೇನು ನೋಡಿ, ನಾಳೆ ಸಂಜಿಯೊಳಗ ಇಲ್ಲೇ ‘ಸರಿ’ ಅಂತ ಹಾಕ್ರಿ. ತಪ್ಪಿದ್ರ ಈಗಲೇ ತಿಳಿಸ್ರಿ.