ಬ್ಲೂ ಬುಕ್ ಸ್ಕ್ಯಾನ್ ಮಾಡಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಪೇಪರ್‌ಗಳನ್ನು ಆನ್‌ಲೈನ್‌ನಲ್ಲಿ ತಿದ್ದಲು ಹೊರಟರೆ ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ವಿದ್ಯಾರ್ಥಿಗಳು ಉತ್ತರ ಬರೆಯುವ ಬ್ಲೂ ಬುಕ್‌ಗಳನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೂ ಹಳೆಯ ರೀತಿಯಲ್ಲೇ ಒಂದೊಂದಾಗಿ ತಿರುವಿ ಅಂಕ ಹಾಕುವುದಾದರೆ ಖರ್ಚೂ ದಂಡ, ಶ್ರಮವೂ ದಂಡ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪದ್ಧತಿಯಲ್ಲಿ ಒಂದು ವಿಷಯಕ್ಕೆ ಆಂತರಿಕ ಅಂಕ 50. ಅದರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವ ಹಾಗಿಲ್ಲ. 19ಕ್ಕೆ ನಿಂತ ವಿದ್ಯಾರ್ಥಿಗೆ ಆ ಒಂದು ಅಂಕ ಯಾವ ಹೆಜ್ಜೆಯಲ್ಲಿ ಹೋಯಿತೆಂದು ತೋರಿಸಲು ಸಾಧ್ಯವಾಗಬೇಕು. ಆನ್‌ಲೈನ್‌ನಲ್ಲಿ ತಿದ್ದುವ ತಂತ್ರಾಂಶಗಳ ನಿಜವಾದ ಉಪಯೋಗ ಇರುವುದು ಅಲ್ಲಿ.

ಗ್ರೇಡ್‌ಸ್ಕೋಪ್ ಎಂಬ ಅಂಥ ತಂತ್ರಾಂಶದಲ್ಲಿ ಎಲ್ಲರ ಮೊದಲನೇ ಪ್ರಶ್ನೆಯನ್ನು ಒಟ್ಟಿಗೆ ತಿದ್ದಿ, ಆಮೇಲೆ ಎಲ್ಲರ ಎರಡನೇ ಪ್ರಶ್ನೆಗೆ ಹೋಗಬಹುದು. ಬರೆದವರ ಹೆಸರು ಕಾಣದಂತೆಯೂ ಮಾಡಬಹುದು. ಪಕ್ಕದಲ್ಲಿ ಆ ಪ್ರಶ್ನೆಯ ರೂಬ್ರಿಕ್, ಅಂದರೆ ಯಾವ ಹೆಜ್ಜೆಗೆ ಎಷ್ಟು ಅಂಕ ಎಂಬ ನಮ್ಮ ಸ್ಕೀಮ್ ಆಫ್ ವ್ಯಾಲ್ಯುಯೇಷನ್, ಸಾಲುಸಾಲಾಗಿ ಇರುತ್ತದೆ. ಉದಾಹರಣೆಗೆ 6 ಮೀಟರ್ ಉದ್ದದ ಸಿಂಪ್ಲಿ ಸಪೋರ್ಟೆಡ್ ಬೀಮ್ (ಎರಡು ತುದಿಯಲ್ಲಿ ಆಧಾರವಿರುವ ತೊಲೆ), ಅದರ ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಲೋಡ್. ರಿಯಾಕ್ಷನ್‌ಗೆ (ಆಧಾರಗಳು ಹೊರುವ ಬಲ) 2, ಶಿಯರ್ (ಕತ್ತರಿಸುವ ಬಲ) ಡಯಾಗ್ರಾಂಗೆ 3, ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮ) ಡಯಾಗ್ರಾಂಗೆ 3, ಗರಿಷ್ಠ ಮೊಮೆಂಟ್‌ಗೆ 2, ಒಟ್ಟು 10 ಅಂಕ. ರಿಯಾಕ್ಷನ್ ಎರಡೂ ಕಡೆ 30 ಬರಬೇಕು. ಒಬ್ಬಳು ಅರ್ಧ ಮಾಡುವುದನ್ನು ಮರೆತು 60 ಎಂದು ಬರೆಯುತ್ತಾಳೆ. ಮಧ್ಯದ ಮೊಮೆಂಟ್ 45 ಬರುವ ಬದಲು, 60ನ್ನು 3ರಿಂದ ಗುಣಿಸಿ 45 ಕಳೆದು 135 ಎನ್ನುತ್ತಾಳೆ. ಅವಳ ಶಿಯರ್ ಡಯಾಗ್ರಾಂ ಕೊನೆಯಲ್ಲಿ ಸೊನ್ನೆಗೆ ಮುಚ್ಚುವುದಿಲ್ಲ, ಅಲ್ಲಿ ಅಂಕ ಹೋಗಬೇಕಾದದ್ದೇ. ಮೊಮೆಂಟ್ ತೆಗೆದ ವಿಧಾನ ಮಾತ್ರ ಸರಿಯಾಗಿದೆ. ಅದಕ್ಕೆ ಅಂಕ ಕೊಡಬೇಕೆಂದು ಅಧ್ಯಾಪಕರಿಗೆ ಹೊಳೆಯುವುದು ನಲವತ್ತನೇ ಪೇಪರ್‌ನಲ್ಲಿರಬಹುದು. ಕಾಗದದಲ್ಲಾದರೆ ಹಿಂದಿನ ಮೂವತ್ತೊಂಬತ್ತನ್ನು ಮತ್ತೆ ತೆರೆಯುವವರು ಅಪರೂಪ. ಇಲ್ಲಿ ರೂಬ್ರಿಕ್‌ನ ಆ ಸಾಲಿನ ಅಂಕ ಬದಲಿಸಿದರೆ, ಅದೇ ಸಾಲು ಬಿದ್ದಿರುವ ಎಲ್ಲರ ಅಂಕವೂ ಒಮ್ಮೆಗೇ ಸರಿಹೋಗುತ್ತದೆ. ಒಂದು ಎಚ್ಚರಿಕೆ: ಒಬ್ಬರಿಗಷ್ಟೇ ಅಂಕ ಕೂಡಿಸುವ, ಕಳೆಯುವ ಸೌಲಭ್ಯವೂ ಅದರಲ್ಲಿದೆ. ಅದನ್ನು ಬಳಸಿದರೆ ಉಳಿದವರಿಗೆ ಆ ನ್ಯಾಯ ತಲುಪದು. ಸಾಧ್ಯವಾದಷ್ಟೂ ರೂಬ್ರಿಕ್‌ನಲ್ಲೇ ಹೊಸ ಸಾಲು ಸೇರಿಸಿ.

ಎಡವುವುದು ಹೆಚ್ಚಾಗಿ ಶುರುವಿನಲ್ಲೇ. ಈ ತಂತ್ರಾಂಶ ತಾನಾಗಿ ಪೂರ್ತಿ ಅಂಕದಿಂದ ಕಳೆಯುತ್ತಾ ಬರುತ್ತದೆ. ನಮ್ಮ ಸ್ಕೀಮ್ ಇರುವುದು ಸೊನ್ನೆಯಿಂದ ಕೂಡಿಸುವುದಕ್ಕೆ. ಸೆಟ್ಟಿಂಗ್ ಬದಲಿಸದೆ ರಿಯಾಕ್ಷನ್ ಎಂಬ ಸಾಲಿಗೆ 2 ಎಂದು ತುಂಬಿದರೆ, ಅದೊಂದನ್ನೇ ಬರೆದ ವಿದ್ಯಾರ್ಥಿಗೆ 2ರ ಬದಲು 8 ಬೀಳುತ್ತದೆ. ಮೊದಲ ಪೇಪರ್ ತೆರೆಯುವ ಮುಂಚೆಯೇ ಇದನ್ನು ನೋಡಿಕೊಳ್ಳಬೇಕು.

ಇನ್ನು ಬ್ಲೂ ಬುಕ್. ಅಧ್ಯಾಪಕರೇ ಸ್ಕ್ಯಾನ್ ಮಾಡಿ ಏರಿಸಿದಾಗ, ಪ್ರತಿಯೊಬ್ಬರದೂ ಇಷ್ಟೇ ಪುಟ, ಇಂಥ ಪ್ರಶ್ನೆ ಇಂಥ ಜಾಗದಲ್ಲೇ ಇದೆ ಎಂಬ ಲೆಕ್ಕದಲ್ಲಿ ತಂತ್ರಾಂಶ ಕಟ್ಟನ್ನು ಭಾಗ ಮಾಡುತ್ತದೆ. ಒಬ್ಬರು ಅಡಿಷನಲ್ ಶೀಟ್ ಕಟ್ಟಿದ್ದರೆ, ಅಥವಾ ಸ್ಕ್ಯಾನರ್ ಎರಡು ಹಾಳೆಯನ್ನು ಒಟ್ಟಿಗೆ ಎಳೆದುಕೊಂಡರೆ, ಅಲ್ಲಿಂದ ಮುಂದಿನವರ ಪುಟಗಳು ಒಬ್ಬರದು ಇನ್ನೊಬ್ಬರಿಗೆ ಸೇರಿಕೊಳ್ಳುತ್ತವೆ. ಹಾಗಾಗಿ ಪ್ರಶ್ನೆಯ ಕೆಳಗೇ ಉತ್ತರಕ್ಕೆ ಜಾಗ ಬಿಟ್ಟು ಅಚ್ಚು ಹಾಕಿಸಿದ ಪುಸ್ತಿಕೆ ಬೇಕು. ಕೊನೆಯಲ್ಲಿ ಎರಡು ಪುಟ ಖಾಲಿ ಇರಲಿ, ಅಡಿಷನಲ್ ಶೀಟ್ ಬೇಡವೇ ಬೇಡ. ನಮ್ಮ ಪ್ರಶ್ನೆಪತ್ರಿಕೆಯ ‘1 ಅಥವಾ 2’ ಆಯ್ಕೆಗೆ ಒಂದೇ ಜಾಗ ಕೊಟ್ಟು, ಯಾವುದನ್ನು ಬರೆದಿದ್ದೇವೆಂದು ಗುರುತು ಹಾಕಲು ಚೌಕ ಬಿಟ್ಟರೆ ಸಾಕು. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಸಂಖ್ಯೆ) ಬರೆಯಲು ಹತ್ತು ಚೌಕಗಳಿರಲಿ. ಸ್ಟೇಪಲ್ ಕೀಳುವಾಗ ಮೂಲೆ ಹರಿದರೆ ಸ್ಕ್ಯಾನರ್‌ನಲ್ಲಿ ಹಾಳೆ ಸಿಕ್ಕಿಕೊಳ್ಳುತ್ತದೆ. ಆ ಅಂಚನ್ನು ಪೇಪರ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ, 300 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿದರೆ ಪೆನ್ಸಿಲ್ ಗೆರೆಯೂ ಓದಲು ಬರುತ್ತದೆ.

ಲೈಸೆನ್ಸ್‌ಗೆ ಹಣವಿಲ್ಲದ ಕಾಲೇಜಿಗೆ 2002ರಿಂದಲೂ ಮುಕ್ತವಾಗಿ ಸಿಗುತ್ತಿರುವ ಮೂಡಲ್ ಎಂಬ ಕಲಿಕಾ ತಂತ್ರಾಂಶ ಇದೆ. ಅದರಲ್ಲೂ ರೂಬ್ರಿಕ್ ಉಂಟು. ಆದರೆ ತಿದ್ದುವುದು ವಿದ್ಯಾರ್ಥಿವಾರು. ಪ್ರಶ್ನೆವಾರು ತಿದ್ದಬೇಕೆಂದರೆ ದೊಡ್ಡ ಪ್ರಶ್ನೆಗಳಿಗೆ ಬೇರೆಬೇರೆ ಅಸೈನ್‌ಮೆಂಟ್ ತೆರೆಯಬೇಕು. ಸರ್ವರ್‌ನಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ಸಹಾಯಕ ತಂತ್ರಾಂಶ ಹಾಕಿ, ಅದು ಎಲ್ಲಿದೆಯೆಂದು ಮೂಡಲ್‌ಗೆ ತೋರಿಸದಿದ್ದರೆ ಪಿಡಿಎಫ್ ಮೇಲೆ ಕೆಂಪು ಗೆರೆ ಎಳೆಯಲು ಬರುವುದಿಲ್ಲ. ಮೂಡಲ್ ನಡೆಯುವ ಪಿಎಚ್‌ಪಿ ಭಾಷೆಯ ಅಪ್‌ಲೋಡ್ ಮಿತಿ ಮೂಲದಲ್ಲಿ 2 ಎಂಬಿ ಮಾತ್ರ. ಮೊಬೈಲ್‌ನಲ್ಲಿ ತೆಗೆದ ಎಂಟು ಪುಟಗಳ ಪಿಡಿಎಫ್ ಇದನ್ನು ಸುಲಭವಾಗಿ ದಾಟುತ್ತದೆ. ವಿದ್ಯಾರ್ಥಿ ಕಳುಹಿಸಲೇ ಇಲ್ಲವೆಂದು ಸೊನ್ನೆ ಹಾಕುವ ಮೊದಲು ಈ ಮಿತಿಯನ್ನು 20 ಎಂಬಿಗಾದರೂ ಏರಿಸಿ. ಅದರ ಜೊತೆಗಿರುವ ಪೋಸ್ಟ್ ಮಿತಿಯನ್ನೂ (ಒಮ್ಮೆಗೆ ಕಳುಹಿಸಬಹುದಾದ ಒಟ್ಟು ಗಾತ್ರ) ಏರಿಸದಿದ್ದರೆ ಪ್ರಯೋಜನವಿಲ್ಲ.

ಅಸೈನ್‌ಮೆಂಟ್‌ಗೆ ರಾತ್ರಿ 11.59ರ ಗಡುವು ಕೊಡುವ ಅಭ್ಯಾಸ ನಮ್ಮ ಭಾಗಕ್ಕೆ ಸಲ್ಲದು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಮಧ್ಯಾಹ್ನ ಕಾಲೇಜಿನ ವೈಫೈ ಇರುವಾಗಲೇ ಗಡುವು ಮುಗಿಯಲಿ, ಮೇಲೆ ಒಂದು ದಿನ ತಡವಾಗಿ ಕೊಡಲು ಅವಕಾಶವಿರಲಿ. ಹಗಲು ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಕೈಯ ನೆರಳು ಬೀಳುವುದೂ ಕಡಿಮೆ. ಗ್ರೇಡ್‌ಸ್ಕೋಪ್‌ಗೆ ವಿದ್ಯಾರ್ಥಿಗಳೇ ಏರಿಸುವಾಗ ಯಾವ ಪುಟ ಯಾವ ಪ್ರಶ್ನೆಯದೆಂದು ಗುರುತಿಸುವುದು ವಿದ್ಯಾರ್ಥಿಯ ಕೆಲಸ. ಹೆಚ್ಚಿನವರು ಬಿಡುವುದು ಇದನ್ನೇ. ಗುರುತಿಲ್ಲದಿದ್ದರೆ ತಿದ್ದುವವರಿಗೆ ಆ ಪ್ರಶ್ನೆ ಖಾಲಿಯಾಗಿ ಕಾಣಬಹುದು.

ಅಂಕ ಪ್ರಕಟಿಸಿದ ಮೇಲೆ ಮರುಪರಿಶೀಲನೆ ಕೇಳಲು ಮೂರು ದಿನ ಕೊಡಿ. ಕೋರಿಕೆಗಳ ಮಳೆ ಸುರಿಯುತ್ತದೆಂದು ಹೆದರಿ ಇದನ್ನು ಮುಚ್ಚಿಡುವುದು ತಪ್ಪು. ಯಾವ ಪ್ರಶ್ನೆ, ರೂಬ್ರಿಕ್‌ನ ಯಾವ ಸಾಲು ಎಂದು ಬರೆದರೆ ಮಾತ್ರ ನೋಡುತ್ತೇವೆ ಎಂದರೆ ‘ಸರ್, ಒಂದೆರಡು ಮಾರ್ಕ್ಸ್ ಹಾಕಿ’ ಎಂಬ ಬೇಡಿಕೆ ತಾನೇ ನಿಲ್ಲುತ್ತದೆ. ತರಗತಿಯಲ್ಲಿ ಹತ್ತು ನಿಮಿಷ ಬ್ಲೂ ಬುಕ್ ಹಂಚಿ, ಸಹಿ ಹಾಕಿಸಿ ವಾಪಸ್ ಪಡೆಯುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ದಾರಿ.

ಕೊನೆಯದಾಗಿ, ಅಂಕಗಳನ್ನು ಎಕ್ಸೆಲ್‌ಗೆ ಇಳಿಸಿದ ಮೇಲೆ ಕಾಲಂ ನಕಲು ಮಾಡಿ ಅಂಟಿಸಬೇಡಿ. ಒಬ್ಬರು ಗೈರಾಗಿದ್ದರೂ ಕೆಳಗಿನ ಸಾಲುಗಳೆಲ್ಲ ಒಂದೊಂದು ಮೇಲೆ ಸರಿಯುತ್ತವೆ. ಯುಎಸ್‌ಎನ್ ಇಟ್ಟುಕೊಂಡು ಎಕ್ಸೆಲ್‌ನ ವಿಲುಕಪ್ ಸೂತ್ರದಿಂದ ಜೋಡಿಸಿ. ಅರ್ಧ ಅಂಕಗಳನ್ನು ಪ್ರಶ್ನೆಪ್ರಶ್ನೆಗೂ ಪೂರ್ಣಾಂಕ ಮಾಡದೆ ಒಟ್ಟು ಮೊತ್ತದಲ್ಲಿ ಒಮ್ಮೆ ಮಾತ್ರ ಮಾಡಿ, ಆ ನಿಯಮವನ್ನು ಮೊದಲೇ ನೋಟಿಸ್ ಬೋರ್ಡ್‌ಗೆ ಹಾಕಿ. ಮುಂದಿನ ಇಂಟರ್ನಲ್ಸ್‌ಗೆ ಎಲ್ಲ ವಿಭಾಗಗಳನ್ನೂ ಎಳೆಯುವ ಅಗತ್ಯವಿಲ್ಲ. ಒಂದು ವಿಷಯ, ಒಂದು ಸೆಕ್ಷನ್, ಅಚ್ಚು ಹಾಕಿಸಿದ ಪುಸ್ತಿಕೆ, ಮೊದಲೇ ಬರೆದಿಟ್ಟ ರೂಬ್ರಿಕ್, ಇಷ್ಟರಿಂದ ಶುರುಮಾಡಲಿ ಎಂಬುದು ಪ್ರಾಂಶುಪಾಲರಲ್ಲಿ ನಮ್ಮ ವಿನಂತಿ.

– ಕೆಲವು ಎಂಜಿನಿಯರಿಂಗ್ ಅಧ್ಯಾಪಕರು, ಹಾಸನ