ತೆರಿಗೆ ಕಾನೂನಿನೊಳಗೆ ವಲಸೆಯ ಸಿಟ್ಟು ಯಾಕೆ?

ಮಾನ್ಯರೇ,

ಅಮೆರಿಕದಿಂದ ಊರಿಗೆ ಕಳಿಸುವ ಹಣದ ಮೇಲೆ ತೆರಿಗೆ ಬಿತ್ತು ಅನ್ನುವ ಮಾತು ನಮ್ಮ ಬೀದಿಯಲ್ಲಿ ಇನ್ನೂ ನಿಂತಿಲ್ಲ. ಮಕ್ಕಳು ಅಲ್ಲಿರುವ ಮನೆಗಳೇ ಜಾಸ್ತಿ, ಅದಕ್ಕೆ. ಆದರೆ ಈ ಮನೆಗಳಿಗೆ ಬಿಸಿ ಅಷ್ಟೇನೂ ತಟ್ಟುವುದಿಲ್ಲ. ಮೊದಲು ಶೇ 5 ಅಂದರು, ಆಮೇಲೆ ಶೇ 3.5, ಕೊನೆಗೆ 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ ಉಳಿದಿದ್ದು ಶೇ 1, ಅದೂ ನಗದು, ಮನಿ ಆರ್ಡರ್ ಥರದ್ದು ಕೊಟ್ಟು ಕಳಿಸುವವರಿಗೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸುವ ಸಾಫ್ಟ್‌ವೇರ್ ಹುಡುಗರು ಪಾರು. ಸಿಕ್ಕಿಬೀಳುವುದು ಖಾತೆ ಇಲ್ಲದೆ ಹೊಲದಲ್ಲೋ ಹೋಟೆಲಿನಲ್ಲೋ ದುಡಿಯುವವರು.

ನನಗೆ ಬೇಸರವಾಗಿದ್ದು ಇನ್ನೊಂದು ವಿಷಯಕ್ಕೆ. ಇದೇ ಕಾನೂನಿನಲ್ಲಿ ಅಪ್ಪ ಅಮ್ಮನಿಗೆ ಒಂದು ಮಗುವಿಗೆ 2,200 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಇದೆ. ಮುಂಚೆ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಪ್ರಜೆಗಳಿಗೆ, ಕೆಲಸದ ಅನುಮತಿ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಸಾಕಿತ್ತು, ಈಗ ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಇರಬೇಕು. ಅಂದರೆ ಅಲ್ಲೇ ಹುಟ್ಟಿದ, ಅಲ್ಲಿನ ಪ್ರಜೆಯೇ ಆದ ಮಗುವಿನ ಹೆಸರಿನಲ್ಲೂ, ದಾಖಲೆ ಇಲ್ಲದ ಅಪ್ಪ ಅಮ್ಮ ತಪ್ಪದೆ ತೆರಿಗೆ ಕಟ್ಟುತ್ತಿದ್ದರೂ, ಆ ದುಡ್ಡು ಸಿಗುವುದಿಲ್ಲ. ತೆರಿಗೆ ಈಸಿಕೊಳ್ಳುವಾಗ ಬೇಡವಾದ ಕಾಗದಪತ್ರ ಕೊಡುವಾಗ ಮಾತ್ರ ಬೇಕು! ಅದೇ ಕಾನೂನಿನಲ್ಲಿ ವಲಸಿಗರನ್ನು ಕೂಡಿಹಾಕುವ ಕೇಂದ್ರಗಳಿಗೆ 4,500 ಕೋಟಿ ಡಾಲರ್ ಇಟ್ಟಿದ್ದಾರೆ.

ಗಡಿ ಕಾಯಲಿ, ಬೇಡ ಅನ್ನುವುದಿಲ್ಲ. ಅದಕ್ಕೆ ವಲಸೆ ಕಾನೂನು ಬೇರೆಯೇ ಇದೆ ಅಲ್ವಾ? ತೆರಿಗೆ, ವಲಸೆ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದ್ದರಿಂದ, ತೆರಿಗೆ ಕಡಿತ ಬೇಕಿದ್ದ ಸಂಸದರು ಉಳಿದದ್ದಕ್ಕೂ ಸುಮ್ನೆ ಕೈ ಎತ್ತಬೇಕಾಯಿತು.

– ಒಬ್ಬ ಓದುಗ, ಮೈಸೂರು